ಬೆಳಗೊಳದ ಬಂಡೆಯೂ ನಮ್ಮ ಸಿಟ್ಟೂ

ಪ್ರವಾಸದಲ್ಲಿ ದೊಡ್ಡ ಕಷ್ಟಗಳನ್ನು ಮನುಷ್ಯನು ಹೇಗೋ ಸಹಿಸುತ್ತಾನೆ. ತಾಳ್ಮೆಗೆಡಿಸುವುವು ಸಣ್ಣ ಕಿರಿಕಿರಿಗಳೇ. ಈ ಫಾಲ್ಗುಣದಲ್ಲಿ ನಾವು ಸಪತ್ನೀಕರಾಗಿ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ದೊಡ್ಡಬೆಟ್ಟದ 600ಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಬಿಸಿಲೇರಿದರೆ ಬಂಡೆಯು ಕಾದ ಹೆಂಚಾಗುವುದು. ಬೆಳಗಾಗುತ್ತಲೇ ಹೊರಟು ಅದನ್ನು ಗೆದ್ದೆವು. ನಮ್ಮ ಹಿಂದೆ ಒಬ್ಬ ಮಹನೀಯರು ಬೆಟ್ಟಕ್ಕೆಲ್ಲ ಕೇಳುವಂತೆ ಮೊಬೈಲಿನಲ್ಲಿ ಕೊಬ್ಬರಿಯ ಧಾರಣೆಯನ್ನು ವಿಚಾರಿಸುತ್ತ ಬರುತ್ತಿದ್ದರು. ಕುಳಿತು ದಣಿವಾರಿಸಿಕೊಳ್ಳುವ ನೆವದಿಂದ ಅವರನ್ನು ಮುಂದೆ ಕಳುಹಿಸಿದೆವು.

ಮೂರನೆಯದಕ್ಕೆ ಮಾತ್ರ ನಮ್ಮಲ್ಲಿ ಉಪಾಯವಿರಲಿಲ್ಲ. ನವವಿವಾಹಿತನಾದ ತರುಣನೊಬ್ಬನು ಬೀಗದ ಕೈಯಿಂದ ಕಲ್ಲಿನ ಮೇಲೆ ತಮ್ಮಿಬ್ಬರ ಹೆಸರನ್ನು ಕೊರೆಯುತ್ತಿದ್ದನು. ಮೂವತ್ತು ವರ್ಷ ತರಗತಿಯಲ್ಲಿ ಪಳಗಿದ ಕಂಠದಿಂದ ಗದರಿಸಿದೆವು. ಸ್ಮಾರಕಗಳನ್ನು ಕೆಡಿಸುವವರಿಗೆ 1958ರ ಶಾಸನದಲ್ಲಿ ಸೆರೆಮನೆಯಿದೆಯೆಂದೂ ಹೇಳಿದೆವು. ಹುಡುಗಿಯು ತಲೆ ತಗ್ಗಿಸಿದಳು. ಸ್ವಾಮಿಯ ದರ್ಶನವನ್ನೂ ಮಾಡದೆ ಇಬ್ಬರೂ ಇಳಿದುಹೋದರು. 981ರ ಸುಮಾರಿನಲ್ಲಿ ಚಾವುಂಡರಾಯನು ನಿಲ್ಲಿಸಿದ ಆ ಪ್ರಶಾಂತಮೂರ್ತಿಯ ಮುಂದೆ ನಮ್ಮ ಮನಸ್ಸೊಂದೇ ಪ್ರಶಾಂತವಾಗಿರಲಿಲ್ಲ.

ಆಮೇಲೆ ಎದುರಿನ ಚಿಕ್ಕಬೆಟ್ಟಕ್ಕೆ ಹೋದೆವು. ಇಲ್ಲಿನ ಶಾಸನಗಳನ್ನು ರೈಸ್ ಸಾಹೇಬರು 1889ರಲ್ಲಿ ಅಚ್ಚು ಹಾಕಿಸಿದರು. 1923ರಲ್ಲಿ ನರಸಿಂಹಾಚಾರ್ಯರು ಪರಿಷ್ಕರಿಸಿದರು. ಸಲ್ಲೇಖನವ್ರತದಿಂದ ದೇಹ ಬಿಟ್ಟವರ ಸ್ಮರಣೆಗಳ ನಡುವೆ, ಸುಮ್ಮನೆ ಬಂದುಹೋದ ಯಾತ್ರಿಕರ ಹೆಸರುಗಳೂ ಅಲ್ಲಿ ಹೇರಳವಾಗಿವೆ. ಕವಿರತ್ನನೆಂಬ ಬಿರುದೂ ಒಂದು ಕಡೆ ಕೆತ್ತಲ್ಪಟ್ಟಿದೆ. ಅದು ರನ್ನನದೆಂದು ವಿದ್ವಾಂಸರ ಅಭಿಪ್ರಾಯ. ನಾವು ಇದನ್ನೆಲ್ಲ ಉತ್ಸಾಹದಿಂದ ವಿವರಿಸುತ್ತಿರಲು, ನಮ್ಮ ಗೃಹಿಣಿಯು ಕೇಳಿದಳು: “ಏನೂಂದರೆ, ಇವರನ್ನು ಆಗ ಯಾರೂ ಗದರಿಸಲಿಲ್ಲವೆ?”

ಉತ್ತರಕ್ಕೆ ತಡಕಾಡಿದೆವು. ಉಳಿಯಿಂದ ಕೆತ್ತಿದ್ದು ಬೇರೆ, ಬೀಗದ ಕೈಯಿಂದ ಗೀಚಿದ್ದು ಬೇರೆ ಎಂದೆವು. ಆಗಿನ ಬಂಡೆ ಬರಿದಾಗಿತ್ತು, ಈಗಿನದು ಎಲ್ಲರ ಆಸ್ತಿ ಎಂದೆವು. ಎರಡೂ ನಿಜವೇ. ಆದರೂ ಆ ಹುಡುಗಿಯ ತಗ್ಗಿದ ತಲೆಯು ಕಣ್ಣಿಗೆ ಕಟ್ಟಿದಂತಿತ್ತು. ಕಲ್ಲನ್ನು ಉಳಿಸಲು ಮೆಲುದನಿಯ ಒಂದು ಮಾತು ಸಾಕಾಗಿತ್ತು.

ಕೆಳಗೆ ಕಲ್ಯಾಣಿಯ ಬಳಿ ದಂಪತಿಗಳು ಎಳನೀರು ಕುಡಿಯುತ್ತಿದ್ದರು. ಹತ್ತಿರ ಹೋಗಿ, “ಮಗೂ, ಇಷ್ಟು ದೂರ ಬಂದು ಸ್ವಾಮಿಯನ್ನು ನೋಡದೆ ಹೋಗಬೇಡಿ. ಬಿಸಿಲಾಗಿದೆ, ಕಾಲುಚೀಲ ಹಾಕಿಕೊಂಡು ಹತ್ತಿ” ಎಂದೆವು. ಹುಡುಗಿಯು ನಕ್ಕಳು. ತರುಣನು ಒಂದು ಕ್ಷಣ ಯೋಚಿಸಿ, ಜೇಬಿನಿಂದ ಬೀಗದ ಕೈಯನ್ನು ತೆಗೆದು ನಮ್ಮ ಮುಂದೆ ಹಿಡಿದನು: “ಬರುವವರೆಗೆ ಇದು ನಿಮ್ಮ ಹತ್ತಿರವೇ ಇರಲಿ, ಮೇಷ್ಟ್ರೇ.”

ನಾವು ಮೇಷ್ಟರೆಂದು ಅವನಿಗೆ ಯಾರೂ ಹೇಳಿರಲಿಲ್ಲ.