ನಾಲ್ಕು ತಂತಿಯ ಸಿಂಥ್

ಜೂನ್ 22, 2025, ಭಾನುವಾರ. ಉಡುಪಿ

ಚೌತಿಯ ರಸಮಂಜರಿಗೆ ಕಾರ್ಕಳದಿಂದ ಕರೆ ಬಂದಿದೆ. ಹಾಡಿನ ಪಟ್ಟಿಯಲ್ಲಿ ‘ಪ್ರೇಮಲೋಕ’ದ್ದೇ ಜಾಸ್ತಿ. 1987ರ ಹಂಸಲೇಖರ ಆ ಸಂಗೀತವನ್ನು ಎಷ್ಟು ಸಲ ಕೇಳಿದರೂ ಅದರ ತಳದ ಸ್ವರ ನನ್ನ ಕಿವಿಗೆ ತಂತಿಯ ನಾದವಾಗಿ ಬೀಳುವುದಿಲ್ಲ, ವಿದ್ಯುತ್ತಿನ ನಾದವಾಗಿಯೇ ಬೀಳುತ್ತದೆ. ನಮ್ಮ ಕೀಬೋರ್ಡಿನವರು, “ಆ ಹಾಡುಗಳಿಗೆ ಬೇಸ್ ನಾನೇ ಎಡಗೈಯಲ್ಲಿ ಬಾರಿಸ್ತೇನೆ, ನೀವು ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವರ ಎಡಗೈಗೆ ಬೇರೆ ಕೆಲಸ ಬೇಕಾದಷ್ಟು ಉಂಟು, ನನಗೂ ಕೂರುವ ಮನಸ್ಸಿಲ್ಲ. ಆಷಾಢ, ಆಟಿ ಮುಗಿಯುವವರೆಗೆ ಮದುವೆ ಕಾರ್ಯಕ್ರಮಗಳು ಕಡಿಮೆ. ಬೇಸ್ ಗಿಟಾರಿನಿಂದಲೇ ಆ ಸಿಂಥಸೈಜರಿನ, ಅಂದರೆ ಸಿಂಥ್‌ನ, ನಾದ ತೆಗೆಯಬೇಕು.

ಜೂನ್ 26. ಉಡುಪಿ

1970ರಲ್ಲಿ ಬಂದ ಮಿನಿಮೂಗ್ ಸಿಂಥ್‌ನ ಒಳಗಿನ ಕ್ರಮ ಸರಳ. ಮೊದಲು ಆಸಿಲೇಟರ್ ಗರಗಸದ ಹಲ್ಲಿನಂಥ ಇಲ್ಲವೇ ಚೌಕಾಕಾರದ ಒರಟು ಅಲೆ ಹುಟ್ಟಿಸುತ್ತದೆ. ಆಮೇಲೆ ಫಿಲ್ಟರ್ ಅದರ ಮೇಲಿನ ಕಂಪನಾಂಕಗಳನ್ನು ಕತ್ತರಿಸುತ್ತದೆ. ಕೊನೆಗೆ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ಆಂಪ್ಲಿಫೈಯರ್ ತೀರ್ಮಾನಿಸುತ್ತದೆ. ಪಾರ್ಲಿಮೆಂಟ್ ತಂಡದ ‘ಫ್ಲ್ಯಾಶ್ ಲೈಟ್’ನಲ್ಲಿ ಬರ್ನಿ ವೊರೆಲ್ ಬೇಸ್ ಗಿಟಾರಿನ ಜಾಗವನ್ನು ಮೂಗ್‌ನಿಂದ ತುಂಬಿದ್ದು ಇದೇ ಬಲದಿಂದ.

ನಮ್ಮ ಕಡೆಯವರಿಗೆ ಫಿಲ್ಟರ್ ಅರ್ಥ ಮಾಡಿಸಲು ಮೋರ್ಸಿಂಗ್ ಸಾಕು. ಅದರ ನಾಲಗೆಯ ಶ್ರುತಿ ಒಂದೇ, ಬದಲಾಗುವುದು ಬಾರಿಸುವವರ ಬಾಯಿ. ಎಲ್. ಭೀಮಾಚಾರ್ ಅವರಂಥ ವಿದ್ವಾಂಸರು ಆ ಒಂದೇ ಶ್ರುತಿಯ ಮೇಲೆ ಮೃದಂಗದ ಸೊಲ್ಲುಗಳನ್ನೆಲ್ಲ ನುಡಿಸುತ್ತಿದ್ದರು. ಬಾಯಿಯ ಪೊಳ್ಳು ಹಿಗ್ಗಿ ಕುಗ್ಗಿದಂತೆ ಬೇರೆ ಬೇರೆ ಕಂಪನಗಳು ಎದ್ದು ಕೇಳುತ್ತವೆ. ಎನ್ವಲಪ್ ಫಿಲ್ಟರ್ ಪೆಡಲ್ ಮಾಡುವುದೂ ಅದನ್ನೇ. ಜೋರಾಗಿ ಮೀಟಿದರೆ ಬಾಯಿ ತೆರೆಯುತ್ತದೆ, ಸ್ವರ ಕ್ಷೀಣಿಸಿದಂತೆ ಮುಚ್ಚುತ್ತದೆ. 1972ರ ಮ್ಯೂಟ್ರಾನ್‌ನಿಂದ ಇಂದಿನ ಪೆಡಲ್‌ಗಳವರೆಗೆ ತತ್ವ ಅದೇ.

ಜುಲೈ 6, ಭಾನುವಾರ. ಮಣಿಪಾಲ

ತಂಗಿಯ ಮಗ ಇಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ಅಂಗೈಯಗಲದ ಆಸಿಲೋಸ್ಕೋಪ್ ಒಂದನ್ನು ತಂದಿಟ್ಟಿದ್ದ. ಡಿ ತಂತಿಯ ಏಳನೇ ಫ್ರೆಟ್ ಒತ್ತಿ ಮೀಟಿದೆ: 110 ಹರ್ಟ್ಸ್‌ನ ಎ. ತೆರೆಯ ಮೇಲೆ ದುಂಡಗಿನ ಅಲೆ. ಸ್ವರವನ್ನು ಒರಟಾಗಿಸುವ ಫಝ್ ಪೆಡಲ್ ತುಳಿದ ಕೂಡಲೇ, “ನೋಡಿ ಮಾಮ, ತಲೆಯೂ ಬುಡವೂ ಚಪ್ಪಟೆ ಆಯ್ತು!” ಎಂದ. ಚೌಕದ ಅಲೆಯಲ್ಲಿ ಬೆಸಸಂಖ್ಯೆಯ ಗುಣಕಗಳು ಮಾತ್ರ: 110, 330, 550. ಅದಕ್ಕೇ ಫಝ್ ಒಂದೇ ಇದ್ದರೆ ನಾದ ಸ್ವಲ್ಪ ಟೊಳ್ಳು.

ಹಳೆಯ ಬಾಸ್ ಒಸಿ-2 ಆಕ್ಟೇವ್ ಪೆಡಲನ್ನು ಫಝ್‌ನ ಮುಂಚೆ ಇಟ್ಟೆವು. 1982ರ ವಿನ್ಯಾಸ, ಒಳಗೆ ಫ್ಲಿಪ್-ಫ್ಲಾಪ್. ಎರಡು ಅಲೆ ಒಳಗೆ ಹೋದರೆ ಒಂದು ಅಲೆ ಹೊರಗೆ. ಹಾಗಾಗಿ 110ರ ಕೆಳಗೆ 55 ಸೇರಿತು, ನಡುವಿನ ಖಾಲಿ ಜಾಗಗಳು ತುಂಬಿದವು, ನಾದಕ್ಕೆ ಮೈ ಬಂತು. ನಿಜವಾದ ಗರಗಸದಲೆ ಇದಲ್ಲ, ಆದರೆ ಅದರ ನೆಂಟ. ಈ ಪೆಡಲ್‌ಗೆ ಒಮ್ಮೆಗೆ ಒಂದೇ ಸ್ವರ ಅರ್ಥವಾಗುವುದು. ಇ ತಂತಿಯ ತೀರಾ ಕೆಳಗಿನ ಸ್ವರಗಳಲ್ಲಿ ಅದು ತಡವರಿಸಿ ಗೊರಗೊರ ಎನ್ನುತ್ತದೆ. ಕತ್ತಿನ ಮೇಲ್ಭಾಗದಲ್ಲಿ ಬಾರಿಸಿ, ಆಳವನ್ನು ಪೆಡಲ್‌ಗೆ ಬಿಡುವುದೇ ಸರಿ.

ಜುಲೈ 13. ಕಾಪು

ತಂಡದ ಅಭ್ಯಾಸ ಇಲ್ಲಿ, ಕಡಲಿನಿಂದ ಸ್ವಲ್ಪವೇ ದೂರದ ಗೆಳೆಯನ ಮನೆಯಲ್ಲಿ. ಉಪ್ಪುಗಾಳಿಗೆ ತಂತಿಗಳು ಬೇಗ ಮಂಕಾಗುತ್ತವೆ. ಆಕ್ಟೇವ್ ಪೆಡಲ್‌ಗೆ ಅದು ಹಿತ! ಹೊಸ ತಂತಿಯ ಝಣಝಣ ಕಡಿಮೆಯಾದಷ್ಟೂ ಅದು ಮೂಲಸ್ವರವನ್ನು ಸಲೀಸಾಗಿ ಹಿಡಿಯುತ್ತದೆ. ಗಿಟಾರಿನ ಟೋನ್ ಗುಬ್ಬಿಯನ್ನೂ ಪೂರ್ತಿ ಇಳಿಸಿದೆ. ಫಝ್ ಹೇಗೂ ಹೊಳಪನ್ನು ಹೊಸದಾಗಿ ಹುಟ್ಟಿಸುತ್ತದೆ.

ಇವತ್ತಿನ ಕಾಟ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು. ನಮ್ಮ ಕರೆಂಟು 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್‌ನ ಜಿ 49. ಆ ಸ್ವರ ಹಿಡಿದರೆ ಎರಡೂ ಒಂದಕ್ಕೊಂದು ಉಜ್ಜಿ, ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುವ ಅಲೆ ಕೇಳುತ್ತದೆ. ಫಝ್ ಅದನ್ನು ಇನ್ನೂ ದೊಡ್ಡದು ಮಾಡಿತು. ಎಲ್ಲ ಪೆಡಲ್‌ಗಳಿಗೂ ಒಂದೇ ಅಗ್ಗದ ಅಡಾಪ್ಟರ್‌ನಿಂದ ವಯರು ಕವಲೊಡೆದಿತ್ತು. ಗೆಳೆಯನ ಬಳಿ ಪ್ರತಿ ಪೆಡಲ್‌ಗೂ ಬೇರೆಬೇರೆ 9 ವೋಲ್ಟ್ ಕೊಡುವ ಪವರ್ ಸಪ್ಲೈ ಇತ್ತು. ಅದನ್ನು ಹಾಕಿದ ಮೇಲೆ ಉಳಿದದ್ದು ಮಳೆಯ ಸದ್ದು ಮಾತ್ರ.

ಜುಲೈ 24, ಆಟಿ ಅಮಾವಾಸ್ಯೆ. ಉಡುಪಿ

ಬೆಳಿಗ್ಗೆ ಪಾಲೆ ಮರದ ಕಷಾಯ. ಕಹಿ ಮಧ್ಯಾಹ್ನದವರೆಗೂ ನಾಲಗೆಯಲ್ಲಿತ್ತು. ವಾದ್ಯ ಮುಟ್ಟಲಿಲ್ಲ. ಚರಣ್‌ಜಿತ್ ಸಿಂಗ್ ಅವರ 1982ರ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಕೇಳಿದೆ, ಅದರಲ್ಲೂ ಈ ಮಳೆಗೆ ಹೇಳಿ ಮಾಡಿಸಿದ ಮೇಘ ಮಲ್ಹಾರ್. ಮುಂಬೈ ಸಿನಿಮಾ ಸಂಗೀತದ ಆ ಕಲಾವಿದರು ರಾಗದ ಜಾರುಗಳನ್ನು ರೋಲ್ಯಾಂಡ್ ಟಿಬಿ-303 ಎಂಬ ಸಣ್ಣ ಯಂತ್ರದಿಂದ ಹೊರಡಿಸಿದರು. ಒಂಟಿಯಾಗಿ ಹಾಡುವವರಿಗೆ ಬೇಸ್ ಗಿಟಾರಿನವನ ಬದಲಿಗೆಂದೇ ಮಾಡಿದ ಯಂತ್ರ ಅದು. ಬೇಸ್‌ನಂತೆ ಕೇಳಿಸಲಿಲ್ಲ, ಅದಕ್ಕೇ ಅದರದ್ದೇ ಒಂದು ಸಂಗೀತ ಹುಟ್ಟಿತು. ತಂತಿ ಯಂತ್ರದಂತೆ ನುಡಿಯಲು ಹೊರಟಾಗಲೂ ಹೀಗೇ ಮೂರನೆಯದೊಂದು ಹುಟ್ಟಬಹುದೆಂಬ ಆಸೆ ನನಗೆ.

ಆಗಸ್ಟ್ 3, ಭಾನುವಾರ. ಕಾಪು

ಆಕ್ಟೇವ್, ಫಝ್, ಆಮೇಲೆ ಫಿಲ್ಟರ್. ಸಿಂಥ್‌ನ ಕ್ರಮ ಇದೇ. ಆದರೂ ವಾರಗಟ್ಟಲೆ ಫಿಲ್ಟರ್ ಬಾಯಿ ಬಿಡಲೊಲ್ಲದು, ಬಿಟ್ಟರೆ ಮುಚ್ಚಲೊಲ್ಲದು. ಕಾರಣ ಈಗ ಸ್ಪಷ್ಟ. ಫಝ್ ಮೆಲುಮೀಟನ್ನೂ ಬಿರುಮೀಟನ್ನೂ ಒಂದೇ ಎತ್ತರಕ್ಕೆ ಕೊಯ್ದು ಕೊಡುತ್ತದೆ. ಫಿಲ್ಟರ್ ಕಾಯುವುದು ಬೆರಳಿನ ಏರಿಳಿತಕ್ಕೆ, ಆ ಏರಿಳಿತ ಅದನ್ನು ತಲುಪುವುದೇ ಇಲ್ಲ.

ಫಿಲ್ಟರನ್ನು ಫಝ್‌ಗಿಂತ ಮೊದಲು ಇಟ್ಟರೆ ಸ್ಪರ್ಶವೇನೋ ತಿಳಿಯುತ್ತದೆ. ಆದರೆ ಫಿಲ್ಟರ್ ಕತ್ತರಿಸಿದ್ದನ್ನೆಲ್ಲ ಫಝ್ ಮತ್ತೆ ಬೆಳೆಸಿಬಿಡುತ್ತದೆ. ರಾಕ್ ಹಾಡಿಗೆ ಚೆನ್ನ, ನನಗೆ ಬೇಕಾದ್ದು ಅದಲ್ಲ. ಕೊನೆಗೆ ಫಝ್‌ನ ಗೇನನ್ನು ಮೂರನೇ ಒಂದಕ್ಕೆ ಇಳಿಸಿ ಫಿಲ್ಟರ್‌ನ ಸೂಕ್ಷ್ಮತೆಯನ್ನು ಏರಿಸಿದೆ. ರೆಸೊನೆನ್ಸ್ ಅರ್ಧಕ್ಕಿಂತ ತುಸು ಮೇಲೆ. ಸದ್ದಿನ ಏರಿಳಿತವನ್ನು ಸಮ ಮಾಡುವ ಕಂಪ್ರೆಸರ್ ಸಾಲಿನ ಕಟ್ಟಕಡೆಗೆ ಹೋಯಿತು, ಮುಂದೆ ಇದ್ದರೆ ಅದೂ ಸ್ಪರ್ಶವನ್ನು ನುಂಗುತ್ತದೆ. ಆಗ ಹೊರಟಿತು ನೋಡಿ, “ವಾವ್” ಎಂದು ತುಟಿ ಬಿಚ್ಚಿ ಮುಚ್ಚುವ ಆ ದಪ್ಪ ನಾದ! ಒಳಗೆ ಚಾ ಮಾಡುತ್ತಿದ್ದ ಗೆಳೆಯನ ಅಮ್ಮ ಹೊರಗೆ ಬಂದು, “ಕೀಬೋರ್ಡಿನವರು ಯಾವಾಗ ಬಂದದ್ದು ಮಗಾ?” ಎಂದು ಕೇಳಿದರು. ಆ ಸಂತೋಷವನ್ನು ಇಲ್ಲಿ ಬರೆದಿಡದೆ ಇರಲಾರೆ.

ಆಗಸ್ಟ್ 17. ಉಡುಪಿ

ಉಳಿದದ್ದು ಎಡಗೈಯ ಕೆಲಸ. ಕೀಲಿಯಿಂದ ಬೆರಳು ಎತ್ತಿದ ಕ್ಷಣ ಸಿಂಥ್ ನಿಲ್ಲುತ್ತದೆ. ತಂತಿ ತಾನಾಗಿ ನಿಲ್ಲುವುದಿಲ್ಲ. ಸ್ವರದ ಬಾಲ ಉಳಿದರೆ ಆಕ್ಟೇವ್ ಪೆಡಲ್ ಅದನ್ನು ಹಿಡಿದು ಗೊಣಗುತ್ತದೆ, ಪಕ್ಕದ ತಂತಿ ಅಲುಗಿದರೂ ಸಾಕು. ಎಡಗೈಯ ಉಳಿದ ಬೆರಳುಗಳನ್ನು ತಂತಿಗಳ ಮೇಲೆ ಮಲಗಿಸಿ, ಬಲಗೈಯ ಹೆಬ್ಬೆರಳಿನಿಂದ ಕೆಳತಂತಿಯನ್ನು ಅದುಮಿ, ಪ್ರತಿ ಸ್ವರವನ್ನೂ ಮುಗಿಯಬೇಕಾದಲ್ಲೇ ಮುಗಿಸುವುದು. ಈ ಸಂಜೆಯೆಲ್ಲ ಪೆಡಲ್ ಇಲ್ಲದೆ ಇದೊಂದನ್ನೇ ಸಾಧಿಸಿದೆ. ಸಿಂಥ್ ಆಗಬೇಕಾದ್ದು ಗಿಟಾರಿಗಿಂತ ಮೊದಲು ಈ ಕೈ ಎಂದು ಈಗ ನಂಬಿದ್ದೇನೆ.

ಆಗಸ್ಟ್ 31, ಭಾನುವಾರ. ಉಡುಪಿ

ನಿನ್ನೆ ರಾತ್ರಿ ಕಾರ್ಕಳ. ಸೌಂಡ್ ಚೆಕ್‌ನಲ್ಲಿ ಮೊದಲು ಮಾಡಿದ್ದು ಎರಡನೇ ಆಕ್ಟೇವನ್ನು ಸೊನ್ನೆಗೆ ಇಳಿಸಿದ್ದು. 27.5 ಹರ್ಟ್ಸ್ ಆ ಸ್ಪೀಕರ್‌ಗಳಿಂದ ಹೊರಡುವಂಥದ್ದಲ್ಲ, ಸುಮ್ಮನೆ ಆಂಪ್‌ನ ಶಕ್ತಿ ತಿನ್ನುತ್ತದೆ. 55 ಧಾರಾಳವಾಗಿ ಎದೆಗೆ ತಾಗುತ್ತಿತ್ತು. ‘ಪ್ರೇಮಲೋಕ’ದ ಹಾಡುಗಳು ಬಂದಾಗ ಮೂರೂ ಪೆಡಲ್ ಒತ್ತಿ ನಿಂತೆ. ಪಲ್ಲವಿಗೆ ಮೆಲುಮೀಟು, ಫಿಲ್ಟರ್ ಅರ್ಧ ಮುಚ್ಚಿ. ಚರಣ ಮುಗಿಯುವಲ್ಲಿ ಬಿರುಸಾಗಿ, ಪೂರ್ತಿ ತೆರೆದು. ಹಾಡುವ ಹುಡುಗಿ ದನಿ ತಗ್ಗಿಸಿದರೆ ನನ್ನ ಸ್ವರವೂ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಗುಬ್ಬಿ ತಿರುಗಿಸುವ ಅಗತ್ಯವೇ ಬೀಳಲಿಲ್ಲ, ಎಲ್ಲವೂ ಬೆರಳಿನಲ್ಲೇ ಆಯಿತು.

ಇಳಿದು ಬಂದ ಮೇಲೆ ಕೀಬೋರ್ಡಿನವರು ಪೆಡಲ್‌ಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಗುಬ್ಬಿಗಳ ಫೋಟೊ ತೆಗೆದುಕೊಂಡರು. “ನವರಾತ್ರಿಗೆ ನನ್ನ ಎಡಗೈ ಪೂರ್ತಿ ವಯೊಲಿನ್ ಭಾಗಕ್ಕೆ ಇಟ್ಟುಕೊಳ್ತೇನೆ, ಬೇಸ್ ನಿಮ್ಮದೇ” ಅಂದರು. ಅಷ್ಟರೊಳಗೆ ಜಾರುಸ್ವರ ಕೈವಶವಾಗಬೇಕು. ಫ್ರೆಟ್ ದಾಟುವಾಗ ಒಸಿ-2 ಇನ್ನೂ ಮುಗ್ಗರಿಸುತ್ತಿದೆ. ನಾಳೆಯಿಂದ ಎ ತಂತಿಯೊಂದರ ಮೇಲೆಯೇ, ನಿಧಾನಕಾಲದಲ್ಲಿ.