ಕೊಂಡಾಪುರದಲ್ಲಿ ಕುದುರೆಯ ಸಂಸಾರ

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕುದುರೆಯನ್ನು ಕಟ್ಟಿಕೊಂಡವರ ನೋವು ಮಾತ್ರ ಕಾಲಿನದಲ್ಲ, ಜೇಬಿನದು. ಹೈದರಾಬಾದಿನ ಕೊಂಡಾಪುರದಲ್ಲಿ ನೆಲೆಸಿರುವ ನಾವು ಮೂರು ಕನ್ನಡ ಮನೆಯವರು ಕೂಡಿ, ಎರಡು ವರ್ಷದ ಹಿಂದೆ ಒಂದು ಹೆಣ್ಣುಕುದುರೆಯನ್ನು ಸಾಕಲು ಹೊರಟೆವು. ದಿಬ್ಬಣಗಳಲ್ಲಿ ಮದುವಣಿಗರನ್ನು ಹೊತ್ತು ಹೊತ್ತು ಅದಕ್ಕೆ 14 ವರ್ಷವಾಗಿತ್ತು. ಯಜಮಾನ ಅದನ್ನು ಯಾರಿಗಾದರೂ ಸಾಗಹಾಕುವವನಿದ್ದ. ಮುಂದೆ ಅದರ ಗತಿಯೇನೆಂದು ಮಕ್ಕಳು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮಹಡಿಯ ಮೇಲೆ ಮಹಡಿ ಎದ್ದಿರುವ ಕೊಂಡಾಪುರದಲ್ಲಿ ಲಾಯಕ್ಕೆ ಜಾಗವೆಲ್ಲಿ? ಶಂಕರಪಲ್ಲಿಯ ಕಡೆ ಸ್ನೇಹಿತರೊಬ್ಬರ ತೋಟದಲ್ಲಿ ನೆರಳು, ನೀರು ಎರಡೂ ದೊರೆತವು. ಹಣ ಕೊಡುವ ಮೊದಲೇ ಪಶುವೈದ್ಯರು ಗ್ಲ್ಯಾಂಡರ್ಸ್ ರೋಗಕ್ಕಾಗಿ ರಕ್ತಪರೀಕ್ಷೆ ಮಾಡಿಸಿದರು. ಈ ರೋಗ ಮನುಷ್ಯರಿಗೂ ಹತ್ತುತ್ತದೆ; ಇದಕ್ಕೆ ಲಸಿಕೆಯಿಲ್ಲ; ರೋಗ ಖಚಿತವಾದ ಕುದುರೆಗೆ ದಯಾಮರಣವೇ ಗತಿ. ಫಲಿತಾಂಶ ಬರುವ ತನಕ ಮಕ್ಕಳನ್ನು ದೂರವಿಟ್ಟು, ನಾವೂ ಉಸಿರು ಬಿಗಿಹಿಡಿದಿದ್ದೆವು. ರೋಗವಿಲ್ಲವೆಂದು ತಿಳಿದ ದಿನ ಮನೆಯಲ್ಲಿ ಪಾಯಸವಾಯಿತು.

ಇನ್ನು ಸಾಮಾನಿನ ಮಾತು. ಕೊಂಡಾಪುರದಲ್ಲಿ ನಾಯಿಬೆಕ್ಕುಗಳಿಗೆ ಬೇಕಾದ ಬಿಸ್ಕತ್ತು, ಬಾಚಣಿಗೆ, ಹಾಸಿಗೆ ಸಮೇತ ಎಲ್ಲವೂ ಉಂಟು. ಕುದುರೆಯ ಲಗಾಮು ಕೇಳಿದರೆ ಅಂಗಡಿಯವರು ನಮ್ಮ ಮುಖವನ್ನೇ ನೋಡುತ್ತಾರೆ. ಹಗ್ಗ, ಬಕೆಟ್ಟುಗಳನ್ನು ಬೇಗಂ ಬಜಾರಿನಲ್ಲಿ ಕೊಂಡೆವು. ಲಾಳ ಕಟ್ಟುವ ನಾಲಬಂದನ ವಿಳಾಸ ಮಲಕಪೇಟೆಯ ರೇಸ್ ಕೋರ್ಸಿನ ಕಡೆ ವಿಚಾರಿಸಿದಾಗ ಸಿಕ್ಕಿತು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಸವರಿಸಲೇಬೇಕು. ಜೀನು ಕಾನಪುರದಿಂದ ಬಂದಿತು. ಆ ಊರು ಜೀನಿನ ಕೆಲಸಕ್ಕೆ ಹೆಸರಾದುದು. ಬೆನ್ನಿನ ಅಳತೆ ನೋಡದೆ ಜೀನು ಕೊಳ್ಳುವುದೆಂದರೆ ಕಾಲು ನೋಡದೆ ಮೆಟ್ಟು ಕೊಂಡ ಹಾಗೆ.

ಮೇವಿನ ವಿಷಯದಲ್ಲಿ ನಮಗೊಂದು ಸಂತೋಷ ಕಾದಿತ್ತು. ಕಿರಾಣಿ ಅಂಗಡಿಯಲ್ಲಿ ‘ಉಲವಲು’ ಎಂದು ಅಳೆದುಕೊಟ್ಟದ್ದು ನಮ್ಮ ಹುರಳಿಯೇ! ಅಂದು ಬೇಯಿಸಿದ ಹುರಳಿಯಲ್ಲಿ ಕುದುರೆಗೆ ಒಂದು ಪಾಲು, ನಮ್ಮ ಸಾರಿಗೆ ಒಂದು ಪಾಲು. ಆದರೆ ಕುದುರೆಗೆ ಕಾಳು ಮೇಲೋಗರವಿದ್ದಂತೆ. ಹುಲ್ಲೇ ಅದರ ಊಟ. 300 ಕಿಲೊ ತೂಗುವ ಕುದುರೆಗೆ ದಿನಕ್ಕೆ ಸುಮಾರು 6 ಕಿಲೊ ಒಣಹುಲ್ಲು ಬೇಕು. ಜಠರ ಚಿಕ್ಕದಾದ್ದರಿಂದ ಸ್ವಲ್ಪಸ್ವಲ್ಪವಾಗಿ ಹಲವು ಸಲ ಹಾಕಬೇಕು. ಕುದುರೆ ವಾಂತಿ ಮಾಡಲಾರದು; ಹೊಟ್ಟೆನುಲಿತ ಬಂದರೆ ಪ್ರಾಣಕ್ಕೇ ಸಂಚಕಾರ. ನಮ್ಮ ಕಟ್ಟಡದ ಮಾಲಿ ಹುಲ್ಲುಹಾಸು ಕತ್ತರಿಸಿ, ಚೀಲ ತುಂಬಿ ಪ್ರೀತಿಯಿಂದ ಕೊಡಬಂದ. ಆ ಕತ್ತರಿಕೆ ಬೇಗ ಹುಳಿತು ಹೊಟ್ಟೆ ಉಬ್ಬಿಸುತ್ತದೆಂದು ವೈದ್ಯರು ಎಚ್ಚರಿಸಿದ್ದರಿಂದ ಕೈಮುಗಿದು ಬೇಡವೆಂದೆವು.

ಪಳಗಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿಷಯ ಬರೆದಿದ್ದಾನೆ. ನಮಗೆ ಕಲಿಸಿದವರು ಮಾತ್ರ ಒಬ್ಬ ಮುದುಕ ಸವಾರರು. ಅವರ ಪಾಠ ಇಷ್ಟೇ: ಕುದುರೆಗೆ ನೇರ ಹಿಂದಿರುವುದು ಕಾಣದು, ಮೂಗಿನ ಮುಂದಿರುವುದೂ ಕಾಣದು, ಆದ್ದರಿಂದ ಮಾತನಾಡಿಸುತ್ತ ಭುಜದ ಕಡೆಯಿಂದ ಹೋಗಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಮೆಲ್ಲನೆ ಎಳೆಯಿರಿ, ಅದು ಒಂದು ಹೆಜ್ಜೆ ಇಟ್ಟೊಡನೆ ಸಡಿಲ ಬಿಡಿ. ಸಡಿಲಿಕೆಯೇ ಅದಕ್ಕೆ ಬಹುಮಾನ. ‘ನಿಲ್ಲು’ ಎಂದರೆ ಎಲ್ಲರೂ ‘ನಿಲ್ಲು’ ಎಂದೇ ಹೇಳಿ. 15 ನಿಮಿಷಕ್ಕೆ ಪಾಠ ಸಾಕು. ಶಿರಸ್ತ್ರಾಣವಿಲ್ಲದೆ ಯಾರೂ ಹತ್ತಕೂಡದು.

ನಮ್ಮ ಕುದುರೆ ನಿಲ್ಲುವುದರಲ್ಲಿ ಜಾಣೆ. ಆದರೆ ದೂರದಲ್ಲೊಂದು ಪಟಾಕಿ ಸಿಡಿದರೂ ಮೈ ಸೆಟೆದು ಕಲ್ಲಾಗುತ್ತಿತ್ತು. ಅದನ್ನು ಶಿಸ್ತೆಂದು ತಿಳಿದು ನಾವು ಮೆಚ್ಚಬಹುದಿತ್ತು. ಸವಾರರು ಅದರ ಕಿವಿ, ಕಣ್ಣಿನ ಬಿಳುಪು ತೋರಿಸಿ, ‘ಇದು ಭಯ’ ಎಂದರು. ಐದು ತಿಂಗಳು ಯಾರೂ ಅದರ ಬೆನ್ನೇರಲಿಲ್ಲ. ನಮ್ಮ ಹುಡುಗಿ ಹಗ್ಗ ಹಿಡಿದು ಪಕ್ಕದಲ್ಲಿ ನಡೆದಳು, ಅಷ್ಟೇ. ಆರನೆಯ ತಿಂಗಳು, ಹಳ್ಳಿಯ ಡೋಲು ಕೇಳಿಸಿದಾಗ ಕುದುರೆ ತಲೆಯನ್ನು ತಗ್ಗಿಸಿ ಅವಳ ಭುಜಕ್ಕೊರಗಿಸಿತು.

ಈ ಪ್ರೀತಿಯ ಲೆಕ್ಕವನ್ನೂ ಹೇಳಿಬಿಡಬೇಕು. ಕುದುರೆ 25–30 ವರ್ಷ ಬದುಕುತ್ತದೆ. ನಮ್ಮಂಥವರಿಗೆ ಇಂದು ಕೊಂಡಾಪುರ, ನಾಳೆ ಪುಣೆ. ಮಕ್ಕಳು ಓದಿಗೆ ಹೊರಡುತ್ತಾರೆ. ಅದಕ್ಕೇ ಮೂರು ಮನೆಯವರೂ ಒಂದು ಕಾಗದ ಬರೆದಿಟ್ಟಿದ್ದೇವೆ: ಯಾರು ಊರು ಬಿಟ್ಟರೂ ಅವರ ಪಾಲಿನ ಹುಲ್ಲಿನ ಹಣ ತಪ್ಪಕೂಡದು. ಕುದುರೆ ಬೇಕೆನ್ನುವ ಮಕ್ಕಳಿದ್ದರೆ, ಮೊದಲು ಒಂದು ವರ್ಷ ಸವಾರಿ ಶಾಲೆಗೆ ಕಳುಹಿಸಿ, ಲಾಯ ಗುಡಿಸುವುದನ್ನೂ ಕಲಿಸಿ. ಆಮೇಲೂ ಬೇಕೆಂದರೆ, ಜೀನಿಗಿಂತ ಮೊದಲು ಆ ಕಾಗದವನ್ನು ಬರೆಯಿರಿ.