ನೀಲಿ ಬಿಟ್ಟು ಮಿಕ್ಕಿದ್ದೆಲ್ಲ

ಬಣ್ಣಗುರುಡರಲ್ಲೂ ಮೇಲು ಕೀಳು ಉಂಟು. ಕೆಂಪು-ಹಸಿರು ಗೊತ್ತಾಗದವರಿಗೆ ಲೋಕದಲ್ಲೊಂದು ತೂಕವಿದೆ. ಅವರು ಇಂಜಿನ್ ಹತ್ತದಂತೆ ರೈಲ್ವೆಯವರು ಕಾವಲು ಕಾಯುತ್ತಾರೆ. ವಿಜ್ಞಾನಿ ಜಾನ್ ಡಾಲ್ಟನ್ ಅಂತೂ ತನ್ನ ಕಣ್ಣಿನ ಕೊರತೆಯ ಮೇಲೆ 1794ರಲ್ಲೇ ಪ್ರಬಂಧ ಓದಿದ. ಮುಂದೆ ಅದಕ್ಕೆ ಅವನ ಹೆಸರೇ ನಿಂತಿತು. ನೀಲಿ ಕಾಣದ ನಮ್ಮನ್ನು ಕೇಳುವವರಿಲ್ಲ. ಟ್ರೈಟನೋಪಿಯ ಎಂಬ ಗಂಭೀರ ಹೆಸರೊಂದು ಬಿಟ್ಟರೆ ಬೇರೆ ಮರ್ಯಾದೆಯಿಲ್ಲ.

ಕೆಲಸಕ್ಕೆ ಸೇರುವಾಗ ಚುಕ್ಕೆಚುಕ್ಕೆಯ ಪುಸ್ತಕ ತೋರಿಸಿದರು. ಜಪಾನಿನ ಶಿನೋಬು ಇಶಿಹಾರ 1917ರಲ್ಲಿ ಹೊರತಂದ ಆ ಚಿತ್ರಗಳು ಹಿಡಿಯುವುದು ಕೆಂಪು-ಹಸಿರಿನವರನ್ನು ಮಾತ್ರ. ನಾನು ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸಿದೆ. "ಕಣ್ಣು ಫಸ್ಟ್ ಕ್ಲಾಸ್" ಎಂದು ಬರೆದುಕೊಟ್ಟರು. ಆ ಕಣ್ಣಿಗೆ ಸಾಹೇಬರ ಹಸಿರು ಶಾಯಿಯೂ ಗುಮಾಸ್ತರ ನೀಲಿ ಶಾಯಿಯೂ ಒಂದೇ. ಸರ್ಕಾರಿ ಕಚೇರಿಯಲ್ಲಿ ಇಷ್ಟು ಸಮಾನತೆ ಕಂಡವನು ನಾನೊಬ್ಬನೇ ಇರಬೇಕು.

ಬಣ್ಣ ಗುರುತಿಸುವ ಕೋನ್‌ಗಳಲ್ಲಿ ನೀಲಿಯ ಪಾಲಿನವು ಎಲ್ಲರಲ್ಲೂ ಅಲ್ಪಸಂಖ್ಯಾತರೇ, ಶೇ. 10ಕ್ಕಿಂತ ಕಡಿಮೆ. ನೋಟದ ನಟ್ಟನಡುವಿನ ಚೂರು ಜಾಗದಲ್ಲಂತೂ ಅವು ಯಾರಿಗೂ ಇಲ್ಲ. ಅಷ್ಟರ ಮಟ್ಟಿಗೆ ನೀವೆಲ್ಲ ನನ್ನ ನೆಂಟರು. ಕೆಂಪು-ಹಸಿರಿನ ದೋಷ ಎಕ್ಸ್ ಕ್ರೋಮೋಸೋಮಿನಲ್ಲಿ ಕೂತು ಹೆಚ್ಚಾಗಿ ಗಂಡಸರನ್ನೇ ಹಿಡಿಯುತ್ತದೆ. ನಮ್ಮದು ಏಳನೆಯದರಲ್ಲಿದೆ, ಅದಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲ. ನನಗೆ ಬಂದದ್ದು ಅಮ್ಮನಿಂದ. ತಿಳಿಹಳದಿಯೂ ನಮಗೆ ಬಿಳಿಯ ಹತ್ತಿರವೇ ಕಾಣುವುದರಿಂದ, ಅವಳ ಚಿತ್ರಾನ್ನದಲ್ಲಿ ಅರಿಸಿನ ಸದಾ ಒಂದು ಚಿಟಿಕೆ ಜಾಸ್ತಿ.

ಅಪ್ಪನಿಗೋ ನೀಲಿಯೆಂದರೆ ಪ್ರಾಣ. ಹಬ್ಬಕ್ಕೆ ನವಿಲುಗತ್ತಿನ ನೀಲಿ ಸೀರೆಯನ್ನೇ ಹುಡುಕಿ ತರುತ್ತಿದ್ದರು. "ಮತ್ತೆ ಹಸಿರೇ ತಂದ್ರಾ?" ಎನ್ನುತ್ತಾ ಅಮ್ಮ ಉಡುತ್ತಿದ್ದಳು. ಚೇಷ್ಟೆ ಮಾಡುತ್ತಿದ್ದಾಳೆಂದು ಅಪ್ಪ ನಗುತ್ತಿದ್ದರು, ಅವರು ನಕ್ಕರೆಂದು ಅವಳೂ ನಗುತ್ತಿದ್ದಳು. ಸಂಸಾರಕ್ಕೆ ಅಷ್ಟು ಸಾಕಾಗಿತ್ತು. ಕಾರಣ ತಿಳಿದ ಮೇಲೂ ಹೇಳಲು ನನಗೆ ಮನಸ್ಸು ಬರಲಿಲ್ಲ. ಆ ಸೀರೆಗಳಲ್ಲಿ ಅಪ್ಪ ಕಂಡದ್ದೇನೆಂದು ನಮ್ಮಿಬ್ಬರಿಗೂ ಯಾವತ್ತಿಗೂ ಗೊತ್ತಾಗುವಂತಿರಲಿಲ್ಲ.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಾನೇ ನುಂಗುತ್ತದೆ. ಅಪ್ಪನಿಗೂ ಪೊರೆ ಬಂತು. "ಈ ಸಲ ಹಸಿರೇ ಬಂದ್ಬಿಡ್ತು ಕಣೇ" ಎಂದು ಅವರೇ ಹೇಳತೊಡಗಿದಾಗ, ಕೊನೆಗೂ ಒಪ್ಪಿಕೊಂಡರಲ್ಲ ಎಂದು ಅಮ್ಮ ಬೀಗಿದಳು.

ಆಮೇಲೆ ಆಪರೇಷನ್ ಆಯಿತು. ಚಿತ್ರಕಾರ ಮೊನೆಗೆ 1923ರಲ್ಲಿ ಪೊರೆ ತೆಗೆದ ಮೇಲೆ ಎಲ್ಲವೂ ಅತಿ ನೀಲಿಯಾಗಿ ಕಂಡು ಸಿಟ್ಟು ಬಂದಿತ್ತಂತೆ. ಅಪ್ಪನಿಗೆ ಮಾತ್ರ ಹಿಗ್ಗೋ ಹಿಗ್ಗು. ಕಟ್ಟು ಬಿಚ್ಚಿಸಿಕೊಂಡು ಬಂದವರೇ ಬಾಗಿಲಲ್ಲಿ ನಿಂತ ಅಮ್ಮನನ್ನು ಕಂಡು, "ಏನೇ ಇದು, ಎಂಥಾ ನೀಲಿ!" ಎಂದರು.

ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದು ಪಿಸುಗುಟ್ಟಿದಳು: "ಆಪರೇಷನ್ ಸರಿಯಾಗಿಲ್ಲ ಕಣೋ. ನಾಳೇನೇ ಡಾಕ್ಟರಿಗೆ ಇನ್ನೊಂದ್ಸಲ ತೋರಿಸ್ಕೊಂಡು ಬಾ."